ನಿಮ್ಮದು ಯಾವ ಪೈಕಿ?

ಸಕಲೇಶಪುರದಲ್ಲಿ ನಮ್ಮದೊಂದು ಸಣ್ಣ ಮನೆ ಇದೆ. ಕೆಳಗೆ ಅಮ್ಮ ಇರ್ತಾಳೆ, ಮೇಲಿನ ಪೋರ್ಶನ್ ಬಾಡಿಗೆಗೆ. ಎರಡು ರೂಮು, ಒಂದು ಅಡುಗೆಮನೆ, ಮಳೆಗಾಲದಲ್ಲಿ ಬಟ್ಟೆ ಹರವೋಕೆ ಅಂತ ಶೀಟು ಹೊದೆಸಿದ ಒಂದು ಬಾಲ್ಕನಿ. ನನ್ನ ಜಮೀನ್ದಾರಿಕೆ ಅಂದ್ರೆ ಇಷ್ಟೇ. ತಿಂಗಳಿಗೆ ಆರು ಸಾವಿರ ಬಾಡಿಗೆ. ಬೆಂಗಳೂರಲ್ಲಿ ನಾನೇ ಇನ್ನೊಬ್ಬರ ಮನೆಯಲ್ಲಿ ಬಾಡಿಗೆಗೆ ಇದ್ದೀನಿ. ಆದ್ರೂ ಊರಲ್ಲಿ ಗೇಟಿಗೆ 'ಮನೆ ಬಾಡಿಗೆಗೆ ಇದೆ' ಅಂತ ಬೋರ್ಡು ನೇತುಹಾಕಿ, ಕೆಳಗೆ ನನ್ನ ಮೊಬೈಲ್ ನಂಬರ್ ಬರೆದ ದಿನದಿಂದ ನಾನು 'ಓನರ್' ಆಗಿಬಿಟ್ಟೆ. ಆಫೀಸಲ್ಲಿ ಮೀಟಿಂಗ್ ನಡೀತಿರುವಾಗ ಫೋನ್ ಬರುತ್ತೆ. "ಓನರ್ರಾ ಸಾರ್?" ಅಂತ ಆ ಕಡೆಯಿಂದ ಕೇಳ್ತಾರೆ. ಮೊದಮೊದಲು ನಗು ಬರ್ತಿತ್ತು, ಆಮೇಲೆ ಅಭ್ಯಾಸ ಆಯ್ತು.

ಓನರ್ ಆದವನ ಮೊದಲ ಕೆಲಸ ಪ್ರಶ್ನೆ ಕೇಳೋದು. ಎಷ್ಟು ಜನ ಇದ್ದೀರಾ, ಎಲ್ಲಿ ಕೆಲಸ, ಗಾಡಿ ಇದೆಯಾ, ಈಗಿರೋ ಮನೆ ಯಾಕೆ ಬಿಡ್ತಿದ್ದೀರಾ. ಇವೆಲ್ಲ ಕೇಳಬೇಕಾದವೇ. ಇವುಗಳ ಮಧ್ಯೆ ಮೆಲ್ಲಗೆ ಇನ್ನೊಂದು ಪ್ರಶ್ನೆ ತೂರಿಕೊಂಡು ಬರುತ್ತೆ. ಅದನ್ನ ನಾನು ಮೊದಲು ಕೇಳಿದ್ದಲ್ಲ, ಕೇಳಿಸಿಕೊಂಡಿದ್ದು.

2008ರಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಬಂದಾಗ ನಾವು ಮೂರು ಜನ ಸ್ನೇಹಿತರು ಮನೆ ಹುಡುಕ್ತಿದ್ವಿ. ಬ್ಯಾಚುಲರ್ಸ್ ಅಂದ ಕೂಡಲೇ ಅರ್ಧ ಬಾಗಿಲು ಮುಚ್ಚೋದು. ಉಳಿದರ್ಧದಲ್ಲಿ ಹತ್ತು ತಿಂಗಳ ಅಡ್ವಾನ್ಸು. ಒಂದು ಕಡೆ ಹಿರಿಯರೊಬ್ಬರು ಕಾಫಿ ಕೊಟ್ಟು, ಪ್ರೀತಿಯಿಂದಲೇ ಮಾತಾಡಿಸಿ, ಕೊನೆಗೆ "ನಿಮ್ಮದು ಏನಪ್ಪಾ?" ಅಂದ್ರು. ನಾನು "ಬಿಇ ಸಾರ್, ಕಂಪ್ಯೂಟರ್ ಸೈನ್ಸ್" ಅಂದೆ. "ಅದಲ್ಲ, ನಿಮ್ಮದು ಯಾವ ಪೈಕಿ?" ಅಂದ್ರು. ನನ್ನ ಪಕ್ಕದಲ್ಲಿದ್ದ ಸ್ನೇಹಿತ ಎದ್ದು ನಿಂತ. ಅವನು ಉತ್ತರ ಹೇಳಲಿಲ್ಲ, "ಆಮೇಲೆ ಫೋನ್ ಮಾಡ್ತೀವಿ" ಅಂತ ಚಪ್ಪಲಿ ಹಾಕ್ಕೊಂಡ. ನಾನು ಹೇಳಬಹುದಿತ್ತು, ನನ್ನ ಉತ್ತರಕ್ಕೆ ಆ ಮನೆ ಸಿಗ್ತಿತ್ತೋ ಏನೋ. ಅವನ ಉತ್ತರಕ್ಕೆ ಸಿಗ್ತಿರಲಿಲ್ಲ. ಅವತ್ತು ಮೆಟ್ಟಿಲಿಳಿಯುವಾಗ, ನಾನೇನಾದ್ರೂ ಮನೆ ಕಟ್ಟಿಸಿದ್ರೆ ಈ ಪ್ರಶ್ನೆ ಮಾತ್ರ ಕೇಳಲ್ಲ ಅಂದುಕೊಂಡಿದ್ದೆ. ಇಪ್ಪತ್ತೆರಡನೇ ವಯಸ್ಸಲ್ಲಿ ಮನುಷ್ಯ ಇಂಥವನ್ನ ಸುಲಭವಾಗಿ ಅಂದುಕೊಳ್ತಾನೆ.

ಹತ್ತು ವರ್ಷ ಕಳೀತು. 2018ರ ಮಳೆಗಾಲ. ನಮ್ಮ ಕಡೆಯವರಿಗೆ ಆ ವರ್ಷ ಮರೆಯೋಕಾಗಲ್ಲ. ಕಾಂಕ್ರೀಟ್ ಕೆಲಸಕ್ಕೆ ಅಂತ ಆರು ತಿಂಗಳು ಮುಚ್ಚಿದ್ದ ಶಿರಾಡಿ ಘಾಟಿ ಜುಲೈಯಲ್ಲಿ ತೆರೀತು, ಆಗಸ್ಟಲ್ಲಿ ಗುಡ್ಡ ಜರಿದು ಮತ್ತೆ ಮುಚ್ಚಿತು. ಸಕಲೇಶಪುರ ಸುಬ್ರಹ್ಮಣ್ಯದ ಮಧ್ಯೆ ರೈಲು ಹಳಿ ಮೇಲೆ ಮಣ್ಣು ಬಿದ್ದು ರೈಲೂ ನಿಂತುಹೋಯ್ತು. ಅದೇ ಆಗಸ್ಟಿನ ಒಂದು ಮಧ್ಯಾಹ್ನ ಒಂದು ಫೋನ್ ಬಂತು. ಹೆಣ್ಣುಮಗಳ ದನಿ. ಆಸ್ಪತ್ರೆಯೊಂದರಲ್ಲಿ ನರ್ಸು, ಗಂಡ ಪಿಕಪ್ ಗಾಡಿ ಓಡಿಸ್ತಾರೆ, ಎಲ್‌ಕೆಜಿಗೆ ಹೋಗೋ ಒಬ್ಬಳು ಮಗಳು. ಅವರು ಇದ್ದ ಮನೆಯ ಹಿಂದಿನ ಗೋಡೆ ಮಣ್ಣಿನದು, ಮಳೆಗೆ ನೆನೆದು ಉಬ್ಬಿದೆ, ಮಗು ಇಟ್ಕೊಂಡು ಮಲಗೋಕೆ ಭಯ ಆಗುತ್ತೆ ಅಂದ್ರು. ಅಡ್ವಾನ್ಸ್ ರೆಡಿ ಇದೆ, ಈಗಿನ ಓನರ್ ನಂಬರ್ ಕೊಡ್ತೀನಿ, ವಿಚಾರಿಸಿ ಸಾರ್ ಅಂತಾನೂ ಅಂದ್ರು. ನನ್ನ ಪಟ್ಟಿಯಲ್ಲಿದ್ದ ಎಲ್ಲ ಪ್ರಶ್ನೆಗಳಿಗೂ ನಾನು ಕೇಳೋ ಮುಂಚೆಯೇ ಉತ್ತರ ಬಂದಿತ್ತು. "ಹೋಗಿ ಮನೆ ನೋಡಿ, ಅಮ್ಮ ಇರ್ತಾರೆ" ಅಂದೆ.

ಸಂಜೆ ಅಮ್ಮನ ಫೋನ್.

"ಹುಡುಗಿ ಒಳ್ಳೇಳು ಕಣೋ. ಮಾತುಕತೆ, ಮರ್ಯಾದಿ ಎಲ್ಲಾ ಇದೆ."

"ಸರಿ, ಕೊಡಾಣ ಹಂಗಾದ್ರೆ."

"ಕೊಡಬಹುದಿತ್ತು. ಅವರಪ್ಪ ಹೆತ್ತೂರು ಕಡೆ ಎಸ್ಟೇಟಲ್ಲಿ ಲೈನಲ್ಲಿ ಇದ್ದವರಂತೆ."

ಬೇರೆ ಊರಿನವರಿಗೆ ಈ ಮಾತು ಅರ್ಥ ಆಗಲಿಕ್ಕಿಲ್ಲ. ಕಾಫಿ ತೋಟಗಳಲ್ಲಿ ಕೂಲಿಯವರಿಗೆ ಅಂತ ಸಾಲಾಗಿ ಕಟ್ಟಿಸಿದ ಒಂದೊಂದು ಕೋಣೆಯ ಮನೆಗಳಿಗೆ 'ಲೈನು' ಅಂತಾರೆ. 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ ಪ್ರಕಾರ ಕಾರ್ಮಿಕರಿಗೆ ಮನೆ ಕೊಡೋದು ತೋಟದ ಮಾಲೀಕರ ಹೊಣೆ ಆಗಿತ್ತು. ಆದ್ರೆ ಆ ಮನೆ ಕೆಲಸದ ಜೊತೆ ಬರುತ್ತೆ, ಕೆಲಸದ ಜೊತೆಗೇ ಹೋಗುತ್ತೆ. ನಮ್ಮ ಬೆಟ್ಟಗಳಲ್ಲಿ ಯಾರೂ ಎದುರೆದುರು ಜಾತಿ ಕೇಳಲ್ಲ. ಊರು ಯಾವುದು, ಊರೊಳಗೋ ಆಚೆಗೋ, ಯಾವ ತೋಟ, ರೈಟರ್ ಕಡೆಯವರೋ ಲೈನಿನವರೋ, ಹೀಗೆ ನಾಲ್ಕು ಸುತ್ತು ಹಾಕಿದ್ರೆ ಸಾಕು, ಕೇಳದೇನೇ ಗೊತ್ತಾಗುತ್ತೆ. ಊಟದ ನೆಪ ಹೇಳೋಕೂ ನಮಗೆ ಮುಖ ಇಲ್ಲ. ಭಾನುವಾರ ಕೋಳಿ ಸಾರು ಇಲ್ಲದಿದ್ರೆ ಅನ್ನ ಇಳಿಯದ ಮನೆ ನಮ್ಮದು. ಅದಕ್ಕೇ ಅಮ್ಮ ಬೇರೆ ಕಾರಣ ಹುಡುಕಿದಳು.

"ಬಾವಿ ಒಂದೇ ಅಲ್ವೇನೋ" ಅಂದಳು.

ಬಾವಿಯಿಂದ ಈಗ ಯಾರೂ ಹಗ್ಗ ಹಾಕಿ ನೀರು ಸೇದಲ್ಲ. ಮೋಟಾರು ಹಾಕಿದ್ರೆ ನೀರು ಟೆರೇಸಿನ ಸಿಂಟೆಕ್ಸಿಗೆ ಹೋಗುತ್ತೆ, ಅಲ್ಲಿಂದ ಎರಡೂ ಮನೆಯ ನಲ್ಲಿಗೆ ಬರುತ್ತೆ. ಬಾವಿಯನ್ನ ಮುಟ್ಟೋದು ಒಂದು ಎಚ್‌ಪಿಯ ಪಂಪು ಮಾತ್ರ. ಇದನ್ನ ಅಮ್ಮನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅಪ್ಪ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ, ಅವಳಿಗೆ ಬಿಪಿ, ಆ ಮನೆಯಲ್ಲಿ ಇರೋಳು ಅವಳು, ನಾನು 220 ಕಿಲೋಮೀಟರ್ ದೂರದಲ್ಲಿ ಕೂತು ಆದರ್ಶ ಮಾತಾಡೋನು. ಹೀಗಂತ ನನಗೆ ನಾನೇ ಹೇಳಿಕೊಂಡೆ. ಮಾರನೇ ದಿನ ಆಕೆಗೆ ಫೋನ್ ಮಾಡಿ, "ಸಾರಿ ಮೇಡಂ, ನಮ್ಮ ಸಂಬಂಧಿಕರೊಬ್ರು ಬರ್ತಿದ್ದಾರೆ, ಅವರಿಗೆ ಕೊಟ್ಟಾಯ್ತು" ಅಂದೆ.

"ಪರವಾಗಿಲ್ಲ ಸಾರ್" ಅಂದ್ರು. ಒಂದು ಸೆಕೆಂಡೂ ತಡ ಮಾಡಲಿಲ್ಲ. ಈ ಉತ್ತರ ಮೊದಲೂ ಕೇಳಿದ್ದವರ ಹಾಗಿತ್ತು.

ಆಮೇಲೆ ಎರಡು ತಿಂಗಳು ಮನೆ ಖಾಲಿ ಇತ್ತು. ಆಕೆ ಕೆಲಸಕ್ಕೆ ಹೋಗೋ ದಾರಿ ನಮ್ಮ ಗೇಟಿನ ಮುಂದೇನೇ. ಫೋನಲ್ಲಿ ಹೇಳಿದ ಸುಳ್ಳು ಫೋನಲ್ಲೇ ಉಳಿಯುತ್ತೆ ಅಂದುಕೊಂಡಿದ್ದೆ. ಆದ್ರೆ ಮೇಲಿನ ಮನೆಯ ದೀಪ ಉರೀದೇ ಇರೋದು ಪ್ರತಿ ಸಂಜೆ ರಸ್ತೆಗೆ ಕಾಣುತ್ತೆ.

ನವೆಂಬರಲ್ಲಿ ಬ್ಯಾಂಕ್ ಕೆಲಸದ ಒಬ್ಬರು ಬಂದ್ರು. ನಮ್ಮ ಪೈಕಿಯೇ, ದೂರದ ನೆಂಟಸ್ತನಾನೂ ಸಿಕ್ಕಿತು. ಅಮ್ಮನಿಗೆ ಸಮಾಧಾನ. ಒಂದೂವರೆ ವರ್ಷ ಇದ್ದು, ಕೊನೆಗೆ ಮೂರು ತಿಂಗಳ ಬಾಡಿಗೆ, ಕರೆಂಟ್ ಬಿಲ್ಲು ಬಾಕಿ ಉಳಿಸಿ ವರ್ಗ ಆಗಿ ಹೋದ್ರು. ನೆಂಟರಾದ್ದರಿಂದ ಗಟ್ಟಿಯಾಗಿ ಕೇಳೋಕೂ ಆಗಲಿಲ್ಲ.

ಈ ಕಥೆ ಹೇಳಿದಾಗ ಸ್ನೇಹಿತರು "ನೋಡು, ಆ ನರ್ಸಿಗೆ ಕೊಟ್ಟಿದ್ರೆ ಹಿಂಗಾಗ್ತಿರಲಿಲ್ಲ" ಅಂತಾರೆ. ಕೇಳೋಕೆ ಚೆನ್ನಾಗಿದೆ, ನೀತಿಕಥೆ ಮುಗಿಯೋದು ಹಾಗೇ. ಆದ್ರೆ ಈ ಮಾತು ನನಗೆ ಒಪ್ಪಿಗೆಯಾಗಲ್ಲ. ಒಬ್ಬರು ಬಾಡಿಗೆ ಕೊಡಲಿಲ್ಲ ಅನ್ನೋದರಿಂದ ಇನ್ನೊಬ್ಬರ ಬಗ್ಗೆ ಏನೂ ಸಾಬೀತಾಗಲ್ಲ. ಅಕಸ್ಮಾತ್ ಬ್ಯಾಂಕಿನವರು ತಿಂಗಳು ತಿಂಗಳು ಒಂದನೇ ತಾರೀಕಿಗೇ ಬಾಡಿಗೆ ಕೊಟ್ಟಿದ್ರೆ ನಾನು ಮಾಡಿದ್ದು ಸರಿ ಆಗ್ತಿತ್ತಾ? ಆಗ್ತಿರಲಿಲ್ಲ ಅಲ್ವಾ. ತಪ್ಪು ಆಗಿದ್ದು ಬಾಕಿ ಉಳಿದ ದಿನ ಅಲ್ಲ, ನಾನು ಫೋನ್ ಮಾಡಿದ ದಿನ. ಫಲಿತಾಂಶ ನೋಡಿ ನ್ಯಾಯ ತೂಗೋಕೆ ಹೊರಟರೆ, ಮುಂದಿನ ಸಲ ಫಲಿತಾಂಶ ಉಲ್ಟಾ ಆದಾಗ ಅನ್ಯಾಯವೇ ಸರಿ ಅನ್ನಬೇಕಾಗುತ್ತೆ.

ಇಲ್ಲಿ ನನ್ನ ಕೆಲಸದಿಂದ ಒಂದು ಮಾತು ಹೇಳ್ತೀನಿ. ನಾವು ಸಾಫ್ಟ್‌ವೇರಿನವರು ಒಂದು ಫಿಲ್ಟರ್ ಬರೆದರೆ, ಅದು ಸರಿಯಾಗಿ ಕೆಲಸ ಮಾಡ್ತಿದೆಯಾ ಅಂತ ಎರಡೂ ಕಡೆ ನೋಡಬೇಕು. ಒಳಗೆ ಬಿಟ್ಟದ್ದರಲ್ಲಿ ಕೆಟ್ಟದ್ದು ಎಷ್ಟಿತ್ತು, ಹೊರಗೆ ತಳ್ಳಿದ್ದರಲ್ಲಿ ಒಳ್ಳೇದು ಎಷ್ಟಿತ್ತು. ಒಳಗೆ ಬಂದ ಕೆಟ್ಟದ್ದು ಗಲಾಟೆ ಮಾಡುತ್ತೆ, ಗೊತ್ತಾಗುತ್ತೆ. ಹೊರಗೆ ಹೋದ ಒಳ್ಳೇದು ಸದ್ದಿಲ್ಲದೆ ಹೋಗುತ್ತೆ. ಮನೆ ಓನರ್‌ಗಳ ಅನುಭವ ಅನ್ನೋದೂ ಇಂಥ ಒಕ್ಕಣ್ಣಿನ ಫಿಲ್ಟರೇ. "ನನ್ನ ಮೂವತ್ತು ವರ್ಷದ ಅನುಭವದಲ್ಲಿ ಹೇಳ್ತೀನಿ, ಅಂಥವರಿಗೆ ಕೊಡಬಾರದು" ಅಂತ ಯಾರಾದ್ರೂ ಅಂದ್ರೆ, ಅವರು ಅಂಥವರಿಗೆ ಎಷ್ಟು ಸಲ ಕೊಟ್ಟಿದ್ರು ಅಂತ ಕೇಳಿ ನೋಡಿ. ಬಹಳ ಸಲ ಉತ್ತರ ಸೊನ್ನೆ. ಮೂವತ್ತು ವರ್ಷ ಬಾಗಿಲು ಮುಚ್ಚಿದ್ದ ಅನುಭವ ಅದು. ಅಷ್ಟೂ ವರ್ಷದಲ್ಲಿ ಅವರ ನಂಬಿಕೆಯನ್ನ ತಿದ್ದಬಹುದಾದವರು ಒಬ್ಬರೂ ಒಳಗೆ ಬಂದಿಲ್ಲ.

ಈಗ ತಾತನ ವಿಷಯಕ್ಕೆ ಬರ್ತೀನಿ.

ನಮ್ಮ ಮೂಲ ಆಲೂರು ತಾಲ್ಲೂಕು, ಪಾಳ್ಯದ ಕಡೆ. ತಾತ ಗೇಣಿದಾರ. ಒಡೆಯರ ಗದ್ದೆ ಉತ್ತು, ಸುಗ್ಗಿಯಾದ ಮೇಲೆ ಅವರ ಪಾಲಿನ ಭತ್ತವನ್ನ ಗಾಡಿಯಲ್ಲಿ ಹೇರಿಕೊಂಡು ಹೋಗಿ, ಅವರ ಅಂಗಳದಲ್ಲಿ ಅಳೆದು ಸುರಿದು ಬರ್ತಿದ್ದ. ಅಂಗಳದವರೆಗೆ ಮಾತ್ರ. ಜಗಲಿ ಹತ್ತಿದ್ದು ನಾನು ನೋಡಿಲ್ಲ ಅಂತ ಅಪ್ಪ ಹೇಳ್ತಿದ್ರು. ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ, 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಗೆ ಕೊನೆ ಬಂತು. ಗೇಣಿದಾರರು 7ನೇ ನಮೂನೆಯಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ನಮ್ಮ ಕಡೆ ಹಳಬರು ಈಗಲೂ "ಫಾರಂ ಸೆವೆನ್ ಹಾಕಿದ್ದು" ಅಂತಲೇ ಹೇಳ್ತಾರೆ. ತಾತನೂ ಹಾಕಿದ. ಎರಡು ಎಕರೆ ಚಿಲ್ಲರೆ ಗದ್ದೆ ಅವನ ಹೆಸರಿಗೆ ಬಂತು. ಮುಂದೆ ಆನೆ ಕಾಟ ಜಾಸ್ತಿಯಾಗಿ ಬೆಳೆ ಉಳಿಸಿಕೊಳ್ಳೋದೇ ಕಷ್ಟ ಆಯ್ತು. ಹೈಕೋರ್ಟಿನ ಆದೇಶದ ಮೇಲೆ 2014ರ ಸುಮಾರಿಗೆ ಆಲೂರು ಸಕಲೇಶಪುರದ ಕಡೆಯಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದ್ರಲ್ಲ, ಅದೇ ಕಾಲ. ಅಪ್ಪ ಆಗ ಒಂದು ಎಕರೆ ಮಾರಿ ಸಕಲೇಶಪುರದಲ್ಲಿ ಈ ಮನೆ ಕಟ್ಟಿಸಿದ್ರು.

ಅಂದ್ರೆ ನಾನು ಓನರ್ ಆಗಿರೋ ಮನೆಯ ಬುನಾದಿಯಲ್ಲಿ ಇರೋದು ಒಬ್ಬ ಗೇಣಿದಾರನ ಅರ್ಜಿ.

ಆ ಅರ್ಜಿ ತೀರ್ಮಾನ ಆಗುವಾಗ ಮುಖ್ಯವಾಗಿ ನೋಡಬೇಕಿದ್ದದ್ದು ಒಂದೇ ವಿಷಯ. ಆ ತಾರೀಕಿನಲ್ಲಿ ಈ ಜಮೀನನ್ನ ಗೇಣಿಗೆ ಉಳ್ತಾ ಇದ್ದದ್ದು ಯಾರು? ತಾತ ಯಾವ ಪೈಕಿ ಅನ್ನೋದು ಲೆಕ್ಕಕ್ಕೆ ಬರಲಿಲ್ಲ, ಅವನ ಅಪ್ಪ ಎಲ್ಲಿದ್ದ ಅನ್ನೋದೂ ಬರಲಿಲ್ಲ. ಅವನು ಏನು ಮಾಡ್ತಿದ್ದ ಅನ್ನೋದು ಮಾತ್ರ ಬಂತು. ಅಂಗಳ ದಾಟದ ಮನುಷ್ಯನಿಗೆ ಅಂಥ ಪ್ರಶ್ನೆಯನ್ನ ಅವನ ಆಯುಷ್ಯದಲ್ಲಿ ಯಾರೂ ಕೇಳಿರಲಿಲ್ಲ. ಅದಕ್ಕೆ ಉತ್ತರ ಅವನ ಕೈಯಲ್ಲೇ ಇತ್ತು.

ಇನ್ನೊಂದು ಕಡೆಯೂ ಇದೆ. ಕಾಫಿ, ಏಲಕ್ಕಿ, ಮೆಣಸಿನಂಥ ಪ್ಲಾಂಟೇಶನ್ನುಗಳಿಗೆ ಆ ಕಾಯ್ದೆಯಲ್ಲಿ ವಿನಾಯಿತಿ ಇತ್ತು. ಸಾಲದ್ದಕ್ಕೆ ತೋಟದ ಕೂಲಿಯವರು ಗೇಣಿದಾರರೂ ಅಲ್ಲ, ದಿನಗೂಲಿಗಳು. ಹಾಗಾಗಿ ಅವೇ ಬೆಟ್ಟಗಳಲ್ಲಿ, ಅದೇ ವರ್ಷ, ಗದ್ದೆ ಬಯಲಲ್ಲಿದ್ದ ನನ್ನ ತಾತನಿಗೆ ಜಮೀನು ಸಿಕ್ಕಿತು. ಮೇಲೆ ತೋಟದ ಲೈನಲ್ಲಿದ್ದವರಿಗೆ ತುಂಬಿಸೋಕೆ ಫಾರಮ್ಮೇ ಇರಲಿಲ್ಲ. ಇಬ್ಬರೂ ಕೆಸರಲ್ಲಿ ನಿಂತು ದುಡಿದವರೇ. ಒಬ್ಬ ಭತ್ತದ ಕೆಸರಲ್ಲಿದ್ದ, ಇನ್ನೊಬ್ಬ ಕಾಫಿ ಗಿಡದ ಬುಡದಲ್ಲಿದ್ದ. ಎರಡು ತಲೆಮಾರು ಕಳೆದ ಮೇಲೆ ಅವನ ಮೊಮ್ಮಗ ಓನರ್, ಲೈನಿನಿಂದ ಬಂದ ಮಗಳು ಬೋರ್ಡು ನೋಡಿ ಫೋನ್ ಮಾಡಿದವಳು. ಈ ವ್ಯತ್ಯಾಸವನ್ನ ನಾನು ಆಗಸ್ಟಿನಲ್ಲಿ ಅವರ ಯೋಗ್ಯತೆ ಅಂತ ಓದಿಕೊಂಡೆ.

ಕಾನೂನು ಏನು ಹೇಳುತ್ತೆ ಅಂತಾನೂ ಆಮೇಲೆ ಕೂತು ಓದಿದೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಸಾರ್ವಜನಿಕ ಬಾವಿ, ಕೆರೆಗಳ ಬಗ್ಗೆ ಮಾತಾಡುತ್ತೆ. ನಮ್ಮ ಹಿತ್ತಲ ಬಾವಿ ಅದರಲ್ಲಿ ಬರಲ್ಲ. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. ಅದರ ಬೆನ್ನಿಗೆ ಬಂದ 1955ರ ಕಾಯ್ದೆ, ಈಗ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಅಂತ ಕರೀತೀವಲ್ಲ, ಅದು ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಯಾವುದೇ ಪ್ರದೇಶದಲ್ಲಿ ಮನೆ ಮಾಡಿ ಇರದಂತೆ ತಡೆದರೆ ಅಪರಾಧ ಅನ್ನುತ್ತೆ. ಇನ್ನೊಂದು ಕಡೆ, 2005ರಲ್ಲಿ ಅಹಮದಾಬಾದಿನ ಪಾರ್ಸಿಗಳ ಹೌಸಿಂಗ್ ಸೊಸೈಟಿಯ ಕೇಸಲ್ಲಿ, ಸದಸ್ಯತ್ವ ತಮ್ಮ ಸಮುದಾಯಕ್ಕೆ ಮಾತ್ರ ಅನ್ನೋ ನಿಯಮವನ್ನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಟ್ಟಲ್ಲಿ, ಖಾಸಗಿ ಬಾಗಿಲ ಹತ್ತಿರ ಬಂದಾಗ ಕಾನೂನಿನ ಕೈ ಸ್ವಲ್ಪ ನಡುಗುತ್ತೆ. ನಡುಗದ ಕಡೆಯೂ ಸಾಬೀತು ಮಾಡೋದು ಹೇಗೆ? ಯಾವ ಓನರ್ ಕಾರಣ ಹೇಳ್ತಾನೆ? ಎಲ್ಲರೂ ನನ್ನ ಹಾಗೇ "ಕೊಟ್ಟಾಯ್ತು" ಅಂತಾರೆ. ಆ ಒಂದು ಪದದ ಒಳಗೆ ಪೊಲೀಸ್ ಹೋಗೋಕಾಗಲ್ಲ, ಕೋರ್ಟೂ ಹೋಗೋಕಾಗಲ್ಲ. ಹೋಗಬೇಕಾದವನು ಹೇಳಿದವನೇ.

ಹಾಗಂತ ಏನೂ ಕೇಳಬಾರದು ಅಂತ ನಾನು ಹೇಳ್ತಿಲ್ಲ. ಸಣ್ಣ ಓನರ್ ಕಷ್ಟ ನನಗೆ ಗೊತ್ತು. ಮೂರು ತಿಂಗಳ ಬಾಡಿಗೆ ಹೋದ್ರೆ ಅಮ್ಮನ ಮಾತ್ರೆ, ಮನೆ ಕಂದಾಯ ಎಲ್ಲದಕ್ಕೂ ನಾನೇ ಕೈ ಹಾಕಬೇಕು. ಒಂದು ವರ್ಷ ದಾಟಿದರೆ ಕರಾರು ನೋಂದಣಿ ಮಾಡಿಸಬೇಕು ಅಂತ ಎಲ್ಲರೂ ಬರೆಸೋ ಹನ್ನೊಂದು ತಿಂಗಳ ಅಗ್ರಿಮೆಂಟು ನಾನೂ ಬರೆಸ್ತೀನಿ. ವಯಸ್ಸಾದ ತಾಯಿ ಕೆಳಗೆ ಒಬ್ಬಳೇ ಇರುವಾಗ ಮೇಲೆ ಯಾರಿರ್ತಾರೆ ಅನ್ನೋ ಭಯ ನಿಜವಾದ ಭಯ, ಅದನ್ನ ಯಾರೂ ಹಗುರ ಮಾಡಬಾರದು. ಆದ್ರೆ ಭಯಕ್ಕೂ ಒಂದು ಲೆಕ್ಕ ಬೇಕು. ಬಿಪಿ ಇರೋ ಅರವತ್ತೆರಡರ ಹೆಂಗಸಿಗೆ ಮೇಲಿನ ಮನೆಯಲ್ಲಿ ಒಬ್ಬ ನರ್ಸು ಇದ್ದಿದ್ರೆ ಏನು ಅಪಾಯ ಇತ್ತು? ಅಮ್ಮ ಹೆದರಿದ್ದು ಆ ಮನುಷ್ಯರಿಗಲ್ಲ. "ಅವರಿಗೆ ಕೊಟ್ರಂತೆ" ಅಂತ ಬೀದಿಯವರು ಅನ್ನೋ ಮಾತಿಗೆ. ನಾನು ಹೆದರಿದ್ದು ಅಮ್ಮನಿಗೆ. ಈ ಎರಡು ಭಯಕ್ಕೂ ಸುರಕ್ಷತೆ ಅಂತ ಹೆಸರಿಟ್ಟುಬಿಟ್ವಿ.

"ನಮ್ಮ ಮನೆ, ನಮ್ಮಿಷ್ಟ" ಅನ್ನೋ ಮಾತನ್ನೂ ಯೋಚನೆ ಮಾಡಿದೀನಿ. ಊಟಕ್ಕೆ ಯಾರನ್ನ ಕರೀಬೇಕು, ಯಾರ ಜೊತೆ ಒಂದೇ ರೂಮಲ್ಲಿ ಮಲಗಬೇಕು, ಅದು ನಮ್ಮಿಷ್ಟವೇ. ಆದ್ರೆ ಗೇಟಿಗೆ ಬೋರ್ಡು ಹಾಕಿದ ಮೇಲೆ ನಾನು ರಸ್ತೆಯಲ್ಲಿ ಹೋಗೋ ಎಲ್ಲರನ್ನೂ ಕೂಗಿ ಕರೆದ ಹಾಗೆ. 'ಮನೆ ಬಾಡಿಗೆಗೆ ಇದೆ' ಅಂತ ಬರೆದಿದ್ದೆ, 'ಕೆಲವರಿಗೆ' ಅಂತ ಬರೆದಿರಲಿಲ್ಲ. ಬರೆಯೋಕೆ ನಾಚಿಕೆ ಆಗೋ ಷರತ್ತನ್ನ ಮನಸ್ಸಲ್ಲಿ ಇಟ್ಕೊಳ್ಳೋಕೂ ನಾಚಿಕೆ ಆಗಬೇಕಿತ್ತು.

ಈಗ ನನ್ನ ಹತ್ತಿರ ಎರಡು ಪರೀಕ್ಷೆ ಇದೆ. ಬಾಡಿಗೆಗೆ ಬರೋರಿಗಲ್ಲ, ನನ್ನ ಪ್ರಶ್ನೆಗಳಿಗೆ. ಒಂದು, ಇದು ಅವರು ಮಾಡಿದ್ದನ್ನ ಕೇಳುತ್ತಾ, ಹುಟ್ಟಿದ್ದನ್ನ ಕೇಳುತ್ತಾ? ಹಿಂದಿನ ಮನೆಯ ಬಾಡಿಗೆ ಸರಿಯಾಗಿ ಕೊಟ್ರಾ, ಎಷ್ಟು ಜನ ಇರ್ತೀರಾ, ಯಾವ ತಾರೀಕಿಗೆ ಸಂಬಳ, ಗುರುತಿನ ಚೀಟಿ ಜೆರಾಕ್ಸ್ ಕೊಡ್ತೀರಾ, ಇವೆಲ್ಲ ಪಾಸು. ಯಾವ ಊರು, ಅಪ್ಪ ಎಲ್ಲಿದ್ರು, ಇವು ಫೇಲು, ಯಾಕಂದ್ರೆ ಇವಕ್ಕೂ ಬಾಡಿಗೆಗೂ ಸಂಬಂಧ ಇಲ್ಲ ಅಂತ ಕೇಳೋನಿಗೂ ಗೊತ್ತಿರುತ್ತೆ. ಎರಡು, ಇಲ್ಲ ಅನ್ನುವಾಗ ಕಾರಣವನ್ನ ಅವರ ಮುಖ ನೋಡಿ ಹೇಳಬಲ್ಲೆನಾ? "ಆರು ಜನ ಇದ್ದೀರಾ, ನೀರು ಸಾಲಲ್ಲ" ಅಂತ ಹೇಳಬಹುದು. "ಹಿಂದಿನ ಓನರ್ ನಾಲ್ಕು ತಿಂಗಳ ಬಾಕಿ ಇದೆ ಅಂದ್ರು" ಅಂತ ಹೇಳಬಹುದು. ಹೇಳೋಕಾಗದೆ ನೆಂಟರನ್ನ ಹುಟ್ಟಿಸಬೇಕಾಗಿ ಬಂದ್ರೆ, ಕಾರಣದಲ್ಲೇ ಹುಳ ಇದೆ ಅಂತ ಅರ್ಥ. ಈ ಎರಡರಲ್ಲೂ ಪಾಸಾದ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟವರಲ್ಲಿ ಮೊದಲು ಬಂದವರಿಗೆ ಮನೆ. ಅಷ್ಟೇ. ಇದರಲ್ಲೂ ಮೋಸ ಹೋಗಬಹುದು. ಹೋದರೆ ಹೋದೆ, ನೆಂಟರ ಹತ್ತಿರವೂ ಹೋಗಿದ್ದೀನಲ್ಲ.

ಒಂದು ವಿಷಯ ಬಾಕಿ ಇದೆ. ಬ್ಯಾಂಕಿನವರು ಇನ್ನೂ ಮನೆಯಲ್ಲಿದ್ದಾಗ, ಅಮ್ಮನನ್ನ ಒಮ್ಮೆ ಚೆಕಪ್ಪಿಗೆ ಕರ್ಕೊಂಡು ಹೋಗಿದ್ದೆ. ಬಿಪಿ ನೋಡೋಕೆ ಬಂದದ್ದು ಅದೇ ಹುಡುಗಿ. ಅಮ್ಮನಿಗೆ ತಕ್ಷಣ ಗುರುತು ಸಿಕ್ಕಿತು, ಅವರಿಗೂ. ಅಮ್ಮನ ಸೆರಗು ಸರಿಸಿ, ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿಸಿ, ನಂಬರ್ ಬರ್ಕೊಂಡ್ರು. ಉಪ್ಪು ಕಮ್ಮಿ ಮಾಡಿ ಅಮ್ಮ ಅಂದ್ರು. ನನ್ನ ಕಡೆ ತಿರುಗಿ, "ಬಾಡಿಗೆಗೆ ಬಂದ್ರಾ ಸಾರ್ ಆಮೇಲೆ, ನಿಮ್ಮ ಸಂಬಂಧಿಕರು?" ಅಂದ್ರು. ದನಿಯಲ್ಲಿ ಕೊಂಕು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. "ಬಂದ್ರು" ಅಂದೆ. ಆ ಹೊತ್ತಿಗೆ ಅದು ನಿಜವೂ ಆಗಿತ್ತು. ಅಲ್ಲೇ ನಿಂತು, ಅವತ್ತು ನಾನು ಹೇಳಿದ್ದು ಸುಳ್ಳು, ತಪ್ಪಾಯ್ತು ಅನ್ನಬಹುದಿತ್ತು. ಹಿಂದೆ ಇಪ್ಪತ್ತು ಜನ ಸಾಲಲ್ಲಿದ್ರು. ಅನ್ನಲಿಲ್ಲ.

ದಾರಿಯಲ್ಲಿ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಹೇಮಾವತಿ ಸೇತುವೆ ದಾಟಿದ ಮೇಲೆ, "ಕೈ ಎಷ್ಟು ಮೆತ್ತಗಿತ್ತು ಕಣೋ ಆ ಹುಡುಗೀದು" ಅಂದಳು. ನಾನೂ ಏನೂ ಹೇಳಲಿಲ್ಲ.

ಈಗ ಮನೆ ಮತ್ತೆ ಖಾಲಿ ಇದೆ. ಹೋದ ವಾರ ಬೋರ್ಡು ಹಾಕಿ ಬಂದೆ. ಪ್ರಶ್ನೆಗಳನ್ನ ಒಂದು ಹಾಳೆಯಲ್ಲಿ ಬರೆದು ಅಮ್ಮನ ಕೈಗೆ ಕೊಟ್ಟು, ಇಷ್ಟನ್ನ ಬಿಟ್ಟು ಬೇರೇನೂ ಕೇಳಬೇಡ ಅಂದಿದ್ದೀನಿ. ಅವಳು ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದಳು. "ಊರು ಯಾವುದು ಅಂತಾನೂ ಕೇಳಬಾರದೇನೋ?" ಅಂದಳು.

"ಬೇಡ ಕಣಮ್ಮ."

"ಮತ್ತೆ ಮಾತು ಶುರು ಮಾಡೋದು ಹೆಂಗೆ?" ಅಂದಳು.

"ಕಾಫಿ ಕುಡೀತೀರಾ ಅಂತ ಕೇಳು" ಅಂದೆ. ಹಾಳೆ ಮಡಚಿ ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದಳು. ಹೂಂ ಅನ್ನಲಿಲ್ಲ, ಉಹೂಂ ಅಂತಾನೂ ಅನ್ನಲಿಲ್ಲ.